ಮಗಳ ಓದಿಗೆ ತೋಟ ಅಡವಿಡಬೇಕಾ? ಬೇರೆ ದೇಶದ ಸರ್ಕಾರಿ ಸಾಲ ನಮ್ಮ ಮಕ್ಕಳಿಗೆ ಸಿಗುತ್ತದಾ?

ನೆಲ್ಯಹುದಿಕೇರಿ ತೋಟ

ಎಲ್ಲರಿಗೂ ನಮಸ್ಕಾರ. ರೊಬಸ್ಟಾ ಕುಯ್ಲು ನಡೆಯುತ್ತಿದೆ. ಕಣದಲ್ಲಿ ಕಾಫಿ ಮುಚ್ಚಿ ಬಂದ ಮೇಲೆ ರಾತ್ರಿಯೇ ಕೂತು ಬರೆಯಬೇಕು, ಹಾಗಾಗಿ ಉತ್ತರ ಕೊಡುವುದು ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮಗಳು ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಬಿಎಸ್ಸಿ ಮುಗಿಸಿದ್ದಾಳೆ. ಹೊರದೇಶದಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ಆಸೆ. ಮಾರ್ಕ್ಸ್ ಚೆನ್ನಾಗಿದೆ. ಮೈಸೂರಿನಲ್ಲಿ ಒಬ್ಬ ಏಜೆಂಟ್ ಹತ್ತಿರ ಹೋಗಿದ್ದೆವು. ಅವರು ಆಸ್ಟ್ರೇಲಿಯಾ ಅಂದರು. ಅವರು ಹೇಳಿದ್ದು ಹೀಗೆ: "ಅಲ್ಲಿ ಸರ್ಕಾರವೇ ಓದಿಗೆ ಸಾಲ ಕೊಡುತ್ತೆ ಅಂಕಲ್. ಕೆಲಸ ಸಿಕ್ಕಿದ ಮೇಲೆ ಸಂಬಳದಲ್ಲಿ ಹಿಡಿದುಕೊಳ್ತಾರೆ. ಕೆಲಸ ಇಲ್ಲದಿದ್ದರೆ ಕಟ್ಟೋದೇ ಬೇಡ. ಮೊದಲ ವರ್ಷದ ಫೀಸ್ ಮಾತ್ರ ನೀವು ಹೊಂದಿಸಿ."

ಆ ಮೊದಲ ವರ್ಷದ ಫೀಸಿಗೇ ಬ್ಯಾಂಕಿಗೆ ಹೋದರೆ, ಏಳೂವರೆ ಲಕ್ಷ ದಾಟಿದರೆ ಜಾಮೀನಿಗೆ ಆಸ್ತಿ ಬೇಕು ಅಂದರು. ನಮಗೆ ಇರುವುದು ಆರು ಎಕರೆ. ಅದರಲ್ಲಿ ನಾಲ್ಕು ಜಮ್ಮಾ ಬಾಣೆ, ಇಡೀ ಒಕ್ಕಕ್ಕೆ (ಕುಟುಂಬಕ್ಕೆ) ಸೇರಿದ ಜಮೀನು. ಪಹಣಿಯಲ್ಲಿ ಒಕ್ಕದ 14 ಜನರ ಹೆಸರಿದೆ. ಇಬ್ಬರು ತೀರಿಕೊಂಡಿದ್ದಾರೆ, ಒಬ್ಬರು ದುಬೈಯಲ್ಲಿದ್ದಾರೆ. ಬ್ಯಾಂಕಿನ ಹುಡುಗ ಪಹಣಿ ತಿರುಗಿಸಿ ನೋಡಿ, ಏನೂ ಹೇಳದೆ ವಾಪಸ್ ಕೊಟ್ಟ. ಉಳಿದ ಎರಡು ಎಕರೆ ನನ್ನ ಹೆಸರಲ್ಲಿದೆ. ಮನೆ ನಡೆಯುವುದೇ ಅದರಿಂದ.

ಏಜೆಂಟ್ ಹೇಳಿದ್ದು ನಿಜವಾ? ಯಾವ ದೇಶದಲ್ಲಿ ಸರ್ಕಾರ ಏನು ಕೊಡುತ್ತದೆ, ನಮ್ಮ ಮಕ್ಕಳಿಗೆ ಅದರಲ್ಲಿ ಏನು ಸಿಗುತ್ತದೆ? ಅಲ್ಲಿ ಇದ್ದು ಬಂದವರು, ಅಲ್ಲೇ ಇರುವವರು ದಯವಿಟ್ಟು ತಿಳಿಸಿ.

ಮೆಲ್ಬರ್ನ್‌ನಿಂದ ಮಡಿಕೇರಿ

ಅಣ್ಣ, ಮೊದಲು ಒಂದು ಮಾತು. ಆ ಏಜೆಂಟ್‌ಗೆ ಇನ್ನೂ ದುಡ್ಡು ಕೊಟ್ಟಿಲ್ಲ ಅಂದುಕೊಳ್ಳುತ್ತೇನೆ. ಕೊಟ್ಟಿಲ್ಲದಿದ್ದರೆ ಕೊಡಬೇಡಿ.

ಅವರು ಹೇಳಿದ ಸಾಲ ಇರುವುದು ನಿಜ. ಆದರೆ ಅದು ನಿಮ್ಮ ಮಗಳಿಗೆ ಸಿಗುವುದಿಲ್ಲ. ಅದು ಆಸ್ಟ್ರೇಲಿಯಾದ ಪ್ರಜೆಗಳಿಗೆ. ಇಲ್ಲಿ ಪಿಆರ್ (ಕಾಯಂ ಆಗಿ ಇರುವ ಅನುಮತಿ) ಆದವರಿಗೂ ಸಾಮಾನ್ಯವಾಗಿ ಸಿಗುವುದಿಲ್ಲ. ಸ್ಟೂಡೆಂಟ್ ವೀಸಾದಲ್ಲಿ ಬಂದವರು ಪೂರ್ತಿ ಫೀಸ್ ಕಟ್ಟಬೇಕು, ಅದೂ ಮುಂಚಿತವಾಗಿ, ಸೆಮಿಸ್ಟರ್ ಲೆಕ್ಕದಲ್ಲಿ. ಅದರ ಮೇಲೆ ವೀಸಾಗೆ ಒಂದು ವರ್ಷದ ಊಟ ವಸತಿ ಖರ್ಚು ಅಂತ 29,710 ಆಸ್ಟ್ರೇಲಿಯಾ ಡಾಲರ್ ತೋರಿಸಬೇಕು. ಇದು 2024ರ ಮೇಯಿಂದ ಇರುವ ಮೊತ್ತ. ನಮ್ಮ ದುಡ್ಡಿನಲ್ಲಿ 17 ಲಕ್ಷಕ್ಕೂ ಮೇಲೆ. ವೀಸಾ ಅರ್ಜಿಗೇ 2,000 ಡಾಲರ್. ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ.

ಆ ಸಾಲದ ಬಗ್ಗೆಯೂ ಹೇಳುತ್ತೇನೆ, ಯಾಕೆಂದರೆ ಅದು ನಿಜವಾಗಲೂ ಒಳ್ಳೆಯ ವ್ಯವಸ್ಥೆ. ಇಲ್ಲಿ 1974ರಿಂದ ಯೂನಿವರ್ಸಿಟಿ ಓದು ಉಚಿತವಾಗಿತ್ತು. 1989ರಲ್ಲಿ ಫೀಸ್ ವಾಪಸ್ ತಂದರು. ಆದರೆ ಕೈಯಿಂದ ಕಟ್ಟಿ ಅನ್ನಲಿಲ್ಲ. ಸರ್ಕಾರ ಕಟ್ಟುತ್ತದೆ, ನೀವು ದುಡಿಯಲು ಶುರು ಮಾಡಿದ ಮೇಲೆ ಆದಾಯ ತೆರಿಗೆಯ ಜೊತೆ ಕೊಡಿ ಅಂದರು. ಇದಕ್ಕೆ ಹೆಕ್ಸ್ ಅಂತ ಹೆಸರು, ಈಗ ಹೆಲ್ಪ್ ಅಂತಾರೆ. ಇದನ್ನು ರೂಪಿಸಿದವರು ಬ್ರೂಸ್ ಚಾಪ್‌ಮನ್ ಅನ್ನುವ ಅರ್ಥಶಾಸ್ತ್ರಜ್ಞ. ಬೇರೆ ಎಷ್ಟೋ ದೇಶದವರು ಆಮೇಲೆ ಇದನ್ನು ನೋಡಿ ಕಲಿತರು.

ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಈ ಸಾಲ ಇದೆ. 2025–26ರ ನಿಯಮದಂತೆ ವರ್ಷಕ್ಕೆ 67,000 ಡಾಲರ್ ತನಕ ದುಡಿದರೆ ಒಂದು ಪೈಸೆ ಕಟ್ಟಬೇಕಿಲ್ಲ. ಅದರ ಮೇಲಿನ ಪ್ರತಿ ಡಾಲರಿಗೆ 15 ಸೆಂಟ್. ಅಂದರೆ 70,000 ದುಡಿದವಳು ವರ್ಷಕ್ಕೆ 450 ಡಾಲರ್ ಕಟ್ಟುತ್ತಾಳೆ. ಹೋದ ವರ್ಷ ಅವಳು ಮಗುವಿಗಾಗಿ ಎಂಟು ತಿಂಗಳು ರಜೆ ಹಾಕಿದ್ದಳು. ಆಗ ಏನೂ ಕಟ್ಟಲಿಲ್ಲ. ಯಾರೂ ಫೋನ್ ಮಾಡಲಿಲ್ಲ, ಯಾರೂ ಪತ್ರ ಬರೆಯಲಿಲ್ಲ. 2025ರಲ್ಲಿ ಇಲ್ಲಿನ ಸರ್ಕಾರ ಎಲ್ಲರ ಬಾಕಿಯಲ್ಲೂ ಶೇ. 20 ಕಡಿಮೆ ಮಾಡಿತು.

ನಾನು ಬಂದಾಗ ಅಪ್ಪ ಮಡಿಕೇರಿಯ ಮನೆ ಅಡವಿಟ್ಟಿದ್ದರು. ಅದನ್ನು ಬಿಡಿಸಲು ಏಳು ವರ್ಷ ಬೇಕಾಯಿತು. ಒಂದೇ ಡೆಸ್ಕಿನ ಆಚೆ ಈಚೆ ಕೂತವರು ನಾವು. ಅವಳ ಸಾಲ ಅವಳ ಸಂಬಳವನ್ನು ನೋಡುತ್ತಿತ್ತು, ನನ್ನ ಸಾಲ ಅಪ್ಪನ ಮನೆಯನ್ನು ನೋಡುತ್ತಿತ್ತು.

ಗೋಣಿಕೊಪ್ಪ ಹಳೇ ಬ್ಯಾಂಕು

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಶಿಕ್ಷಣ ಸಾಲದ ಫೈಲುಗಳನ್ನು ಸಾಕಷ್ಟು ನೋಡಿದ್ದೇನೆ. ನಮ್ಮ ದೇಶದಲ್ಲಿ ಏನಿದೆ ಅಂತ ಹೇಳುತ್ತೇನೆ.

ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದ ತನಕ ಜಾಮೀನು ಬೇಡ. 4ರಿಂದ 7.5 ಲಕ್ಷಕ್ಕೆ ಮೂರನೆಯವರ ಗ್ಯಾರಂಟಿ ಕೇಳುತ್ತಿದ್ದರು. 7.5 ಲಕ್ಷ ದಾಟಿದರೆ ಆಸ್ತಿ. ಓದುವ ಕಾಲ, ಅದರ ಮೇಲೆ ಒಂದು ವರ್ಷ ಕಂತು ಇಲ್ಲ. ಆಮೇಲೆ 15 ವರ್ಷದ ಒಳಗೆ ತೀರಿಸಬೇಕು.

2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಹೊಸ ಯೋಜನೆ ಬಂತು. ಇದರಲ್ಲಿ ಜಾಮೀನೂ ಬೇಡ, ಗ್ಯಾರಂಟಿ ಕೊಡುವವರೂ ಬೇಡ. 7.5 ಲಕ್ಷದ ತನಕದ ಸಾಲಕ್ಕೆ ಶೇ. 75ರಷ್ಟು ಗ್ಯಾರಂಟಿ ಕೇಂದ್ರ ಸರ್ಕಾರದ್ದು. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ 10 ಲಕ್ಷದ ತನಕದ ಸಾಲಕ್ಕೆ, ಕಂತು ಶುರುವಾಗುವ ತನಕ, ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ಆದರೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಆದಾಯ 4.5 ಲಕ್ಷದ ಒಳಗಿದ್ದು, ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಆದರೆ ಆ ಅವಧಿಯ ಬಡ್ಡಿ ಪೂರ್ತಿ ಸರ್ಕಾರದ್ದು.

ಒಂದು ವಿಷಯ ಗಮನಿಸಿ. ಇದು ನಮ್ಮ ದೇಶದ ಒಳಗೆ, ಪಟ್ಟಿಯಲ್ಲಿರುವ ಸಂಸ್ಥೆಗಳಲ್ಲಿ (ಶುರುವಿನಲ್ಲಿ 860 ಇದ್ದವು) ಓದುವವರಿಗೆ ಮಾತ್ರ. ಹೊರದೇಶಕ್ಕೆ ಇಲ್ಲ. ಹಾಗಾಗಿ ನಿಮ್ಮ ಮಗಳು ಇಲ್ಲೇ ಮಾಸ್ಟರ್ಸ್ ಮಾಡುವುದಾದರೆ ಮೊದಲು ಆ ಪಟ್ಟಿಯಲ್ಲಿ ಕಾಲೇಜಿನ ಹೆಸರು ಹುಡುಕಿ, ಆಮೇಲೆ ಅಪ್ಲಿಕೇಶನ್ ಹಾಕಿ.

ಈಗ ಬಡ್ಡಿಯ ಲೆಕ್ಕ. ಇದನ್ನು ಯಾವ ಏಜೆಂಟೂ ಹೇಳುವುದಿಲ್ಲ. ಹೊರದೇಶಕ್ಕೆ 20 ಲಕ್ಷ ಸಾಲ, ಶೇ. 10 ಬಡ್ಡಿ ಅಂತ ಇಟ್ಟುಕೊಳ್ಳಿ. ಮೊದಲ ವರ್ಷ 10 ಲಕ್ಷ, ಎರಡನೇ ವರ್ಷ 10 ಲಕ್ಷ ಬಿಡುಗಡೆ ಆಗುತ್ತದೆ. ಕಂತು ಇಲ್ಲ ಅಂದ ಮಾತ್ರಕ್ಕೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ವರ್ಷ 1 ಲಕ್ಷ, ಎರಡನೇ ವರ್ಷ 2, ಮೂರನೇ ವರ್ಷ 2. ಕಂತು ಶುರುವಾಗುವ ದಿನ ಸಾಲ 25 ಲಕ್ಷ. 15 ವರ್ಷಕ್ಕೆ ತಿಂಗಳ ಕಂತು 26,800ಕ್ಕೂ ಮೇಲೆ. ಅದೇ ಓದುವಾಗ ಬಡ್ಡಿ ಕಟ್ಟುತ್ತಾ ಬಂದರೆ ಕಂತು 21,500ರ ಹತ್ತಿರ ನಿಲ್ಲುತ್ತದೆ. 15 ವರ್ಷದ ಕಂತುಗಳಲ್ಲಿ 9 ಲಕ್ಷಕ್ಕೂ ಜಾಸ್ತಿ ವ್ಯತ್ಯಾಸ. ಓದುವಾಗ ಕಟ್ಟಿದ 5 ಲಕ್ಷ ಬಡ್ಡಿ ಕಳೆದರೂ ನಾಲ್ಕೂವರೆ ಲಕ್ಷಕ್ಕೂ ಮೇಲೆ ಉಳಿಯುತ್ತದೆ. ಕಾಫಿ ಮಾರಿದ ತಿಂಗಳು, ಮೆಣಸು ಮಾರಿದ ತಿಂಗಳು ಬಡ್ಡಿ ಕಟ್ಟಿಬಿಡಿ. ಓದುವಾಗಲೇ ಬಡ್ಡಿ ಕಟ್ಟಿದವರಿಗೆ ಕೆಲವು ಬ್ಯಾಂಕುಗಳು ಶೇ. 1 ಕಡಿಮೆಯನ್ನೂ ಮಾಡುತ್ತವೆ. ಅದನ್ನು ನೀವೇ ಬಾಯಿ ಬಿಟ್ಟು ಕೇಳಬೇಕು.

ಜಮ್ಮಾ ಬಾಣೆ ವಿಷಯ. ಬ್ಯಾಂಕಿನ ಹುಡುಗನ ತಪ್ಪಿಲ್ಲ. ಪಹಣಿಯಲ್ಲಿ ಹೆಸರಿರುವ ಎಲ್ಲರೂ ಬಂದು ಸಹಿ ಹಾಕದೆ ಅಡಮಾನ ಆಗುವುದಿಲ್ಲ. ತೀರಿಕೊಂಡವರಿಗೆ ಪೌತಿ ಖಾತೆ ಆಗಬೇಕು. ಸುಮ್ನೆ ಓಡಾಡಿ ಒಂದು ವರ್ಷ ಕಳೆಯಬೇಡಿ.

ಹಟ್ಟಿಹೊಳೆ

ಸರ್ ಹೇಳಿದ ಲೆಕ್ಕ ಓದಿ ಕೈ ನಡುಗಿತು. ನನ್ನದನ್ನೂ ಹೇಳುತ್ತೇನೆ.

ನಾನು ಓದಿದ್ದು ಇಲ್ಲೇ, ಸಿವಿಲ್ ಎಂಜಿನಿಯರಿಂಗ್. ಸಾಲ 3 ಲಕ್ಷದ 60 ಸಾವಿರ. ಮುಗಿದಿದ್ದು 2017ರಲ್ಲಿ. ಒಂದು ವರ್ಷ ಬಿಡುವು ಕಳೆದು ಮೊದಲ ಕಂತು ಬೀಳಬೇಕಾಗಿದ್ದು 2018ರ ಆಗಸ್ಟ್‌ನಲ್ಲಿ.

ಆ ಆಗಸ್ಟ್‌ನಲ್ಲಿ ಏನಾಯಿತು ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ತೋಟದ ಅರ್ಧ ಗುಡ್ಡದ ಜೊತೆ ಹೊಳೆಗೆ ಹೋಯಿತು. ಮನೆ ಉಳಿಯಿತು, ಆದರೆ ಒಳಗೆ ಹೋಗುವ ಹಾಗಿರಲಿಲ್ಲ. ಅಪ್ಪ, ಅಮ್ಮ, ನಾನು, ಅಜ್ಜಿ ಪರಿಹಾರ ಕೇಂದ್ರದಲ್ಲಿದ್ದೆವು. ಅಪ್ಪ ಚಾಪೆಯ ಮೇಲೆ ಕೂತು ಯಾರೋ ಕೊಟ್ಟ ಸ್ವೆಟರ್ ಮಡಚುತ್ತಿದ್ದರು. ಆಗ ಅವರ ಫೋನಿಗೆ ಬ್ಯಾಂಕಿನಿಂದ ಕರೆ ಬಂತು. ಕಂತು ಬಂದಿಲ್ಲ ಅಂತ. ಅಪ್ಪ ಏನೂ ಹೇಳಲಿಲ್ಲ. "ಆಯ್ತು ಸರ್, ಕಟ್ತೀನಿ" ಅಂದು ಫೋನ್ ಇಟ್ಟರು. ಆಮೇಲೆ ಅದೇ ಸ್ವೆಟರನ್ನು ಬಿಚ್ಚಿ ಮತ್ತೆ ಮಡಚಿದರು.

ನನಗೆ ಕೆಲಸ ಸಿಕ್ಕಿದ್ದು 2019ರ ಜುಲೈನಲ್ಲಿ. ಅಲ್ಲಿಯ ತನಕ ಅಮ್ಮನ ಬಳೆ ಎರಡು ಹೋದವು. ಬ್ಯಾಂಕಿನವರು ಕೆಟ್ಟವರು ಅಂತ ಹೇಳುತ್ತಿಲ್ಲ, ಅವರಿಗೆ ಅವರ ಲಿಸ್ಟ್ ಇರುತ್ತದೆ. ಆದರೆ ಮೆಲ್ಬರ್ನ್ ಅಕ್ಕ ಬರೆದಿದ್ದನ್ನು ಓದಿದ ಮೇಲೆ ನಿದ್ದೆ ಬಂದಿಲ್ಲ. ದುಡಿಮೆ ಇಲ್ಲದ ವರ್ಷ ಕಂತೂ ಇಲ್ಲ ಅನ್ನುವುದು ಜಗತ್ತಿನಲ್ಲಿ ಎಲ್ಲೋ ಇದೆ, ಅದೂ 1989ರಿಂದ. ನಮಗೆ ಯಾಕೆ ಇಲ್ಲ?

ಗೋಣಿಕೊಪ್ಪ ಹಳೇ ಬ್ಯಾಂಕು

ತಾಯಿ, ಇದನ್ನು ಓದಿ ತುಂಬಾ ನೋವಾಯಿತು. ಆ ವರ್ಷ ನಾನು ಸೇವೆಯಲ್ಲಿದ್ದೆ.

ಆಗ ನಿಮಗೆ ಯಾರಾದರೂ ಹೇಳಬೇಕಿದ್ದ ಎರಡು ಮಾತನ್ನು ಈಗ ಹೇಳುತ್ತೇನೆ, ಬೇರೆಯವರಿಗಾದರೂ ಆಗಲಿ. ಒಂದು, ಪ್ರಕೃತಿ ವಿಕೋಪ ಆದ ಕಡೆ ಸಾಲವನ್ನು ಮರುಹೊಂದಿಸುವುದಕ್ಕೆ ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಎರಡನೆಯದು ಹೆಚ್ಚು ಜನಕ್ಕೆ ಗೊತ್ತೇ ಇಲ್ಲ. 2015ರಲ್ಲಿ ತಿದ್ದಿದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೆಲಸ ಇಲ್ಲದ ಅಥವಾ ತೀರಾ ಕಡಿಮೆ ಸಂಬಳದ ಕಾಲಕ್ಕೆ ಕಂತು ನಿಲ್ಲಿಸಬಹುದು ಅಂತ ಇದೆ. ಒಂದು ಸಲಕ್ಕೆ ಹೆಚ್ಚೆಂದರೆ ಆರು ತಿಂಗಳು, ಸಾಲದ ಅವಧಿಯಲ್ಲಿ ಎರಡು ಮೂರು ಸಲ. ಬಡ್ಡಿ ಬೆಳೆಯುತ್ತದೆ, ಆದರೆ ಕಂತು ತಪ್ಪಿಸಿದವರು ಅಂತ ಹೆಸರು ಬರುವುದಿಲ್ಲ, ಸಿಬಿಲ್ ಹಾಳಾಗುವುದಿಲ್ಲ.

ಆದರೆ ಇದು ತಾನಾಗಿ ಆಗುವುದಿಲ್ಲ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಮ್ಯಾನೇಜರ್ ಕೈಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಕಂತು ತಪ್ಪುವ ಮೊದಲೇ ಕೊಡಬೇಕು. ಬಾಯಲ್ಲಿ ಹೇಳಿದ್ದು ಫೈಲಿಗೆ ಬರುವುದಿಲ್ಲ.

ಪಿಯುಸಿ ಮುಗೀತು

ಒಂದು ಪ್ರಶ್ನೆ. ಆಸ್ಟ್ರೇಲಿಯಾದಲ್ಲಿ 67,000 ದಾಟದೇ ಇದ್ದರೆ ಜೀವನಪೂರ್ತಿ ಕಟ್ಟದೇ ಇರಬಹುದಾ? ಹಾಗಾದರೆ ಅದು ಸಾಲ ಹೇಗಾಗುತ್ತದೆ?

ಲೀಡ್ಸ್ ಮಳೆ

ಒಳ್ಳೆ ಪ್ರಶ್ನೆ ತಮ್ಮ. ಇಂಗ್ಲೆಂಡಿನ ಉದಾಹರಣೆ ಕೊಡುತ್ತೇನೆ.

ನನ್ನ ಹೆಂಡತಿ ಇಲ್ಲೇ ಹುಟ್ಟಿ ಬೆಳೆದವಳು, 2013ರಲ್ಲಿ ಯೂನಿವರ್ಸಿಟಿ ಸೇರಿದವಳು. ಅವಳ ಸಂಬಳದ ಚೀಟಿ ಈಗ ನನ್ನ ಮುಂದೆ ಇದೆ. ತಿಂಗಳಿಗೆ 2,800 ಪೌಂಡ್. ತೆರಿಗೆ ಒಂದು ಸಾಲು, ನ್ಯಾಷನಲ್ ಇನ್ಶೂರೆನ್ಸ್ ಒಂದು ಸಾಲು, ಪಿಂಚಣಿ ಒಂದು ಸಾಲು, ಅದರ ಕೆಳಗೆ ಸ್ಟೂಡೆಂಟ್ ಲೋನ್, 38 ಪೌಂಡ್. ಇಷ್ಟೇ. ಲೆಕ್ಕ ಹೇಗೆ ಅಂದರೆ, ಅವಳ ಪ್ಲಾನ್ 2 ಅನ್ನುವ ಬಗೆಯ ಸಾಲದಲ್ಲಿ 2025–26ರ ನಿಯಮದಂತೆ ತಿಂಗಳಿಗೆ 2,372 ಪೌಂಡ್ ತನಕ ಏನೂ ಇಲ್ಲ, ಅದರ ಮೇಲಿನದಕ್ಕೆ ಶೇ. 9. ಕಂಪನಿಯವರೇ ಹಿಡಿದು ತೆರಿಗೆ ಇಲಾಖೆಗೆ ಕಟ್ಟುತ್ತಾರೆ. ಬ್ಯಾಂಕು ಅನ್ನುವುದು ನಡುವೆ ಬರುವುದೇ ಇಲ್ಲ.

ಕಟ್ಟಲು ಶುರುವಾಗಬೇಕಾದ ವರ್ಷದಿಂದ 30 ವರ್ಷ ಆದ ಮೇಲೆ ಉಳಿದದ್ದು ಮನ್ನಾ. ಅಂದರೆ ನೀನು ಕೇಳಿದ ಹಾಗೆ, ಕಡಿಮೆ ದುಡಿಯುವವರು ಪೂರ್ತಿ ಕಟ್ಟದೇ ಇರುವುದು ಯೋಜನೆಯ ಒಳಗೇ ಇದೆ. ಉಳಿದದ್ದು ಸಮಾಜದ ಖರ್ಚು ಅಂತ ಮೊದಲೇ ಒಪ್ಪಿಕೊಂಡಿದ್ದಾರೆ.

ಆದರೆ ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ತಿಳಿಯಬೇಡಿ. 1998ರ ತನಕ ಇಲ್ಲಿ ಫೀಸೇ ಇರಲಿಲ್ಲ. ಆಮೇಲೆ ವರ್ಷಕ್ಕೆ 1,000 ಪೌಂಡ್, 2006ರಲ್ಲಿ 3,000, 2012ರಲ್ಲಿ 9,000, 2025ರಲ್ಲಿ 9,535. ಪ್ಲಾನ್ 2ರಲ್ಲಿ ಬಡ್ಡಿಯೂ ಬೆಲೆ ಏರಿಕೆಯ ಮೇಲೆ ಶೇ. 3ರ ತನಕ ಹೋಗುತ್ತದೆ. ಹೆಂಡತಿ ಎಷ್ಟೋ ವರ್ಷದಿಂದ ಕಟ್ಟುತ್ತಿದ್ದಾಳೆ, ಬಾಕಿ ಮಾತ್ರ ಓದು ಮುಗಿಸಿದಾಗಿನದಕ್ಕಿಂತ ಜಾಸ್ತಿ ಇದೆ. 2023ರಿಂದ ಸೇರಿದವರಿಗೆ ಪ್ಲಾನ್ 5. ಬಡ್ಡಿ ಕಡಿಮೆ, ಆದರೆ ವರ್ಷಕ್ಕೆ 25,000 ಪೌಂಡ್ ದಾಟಿದರೆ ಕಟ್ಟಬೇಕು, ಮನ್ನಾ ಆಗುವುದು 40 ವರ್ಷಕ್ಕೆ. ನಿವೃತ್ತಿಯ ಹತ್ತಿರ ಬರುವ ತನಕ ಶೇ. 9 ಹೋಗುತ್ತಲೇ ಇರುತ್ತದೆ. ಪಕ್ಕದ ಸ್ಕಾಟ್‌ಲೆಂಡ್‌ನಲ್ಲಿ ಅಲ್ಲಿನ ಮಕ್ಕಳು ಅಲ್ಲೇ ಮೊದಲ ಡಿಗ್ರಿ ಮಾಡಿದರೆ ಫೀಸು ಸರ್ಕಾರದ್ದು. ಒಂದೇ ದೇಶ, ಎರಡು ನ್ಯಾಯ.

ಅಣ್ಣ, ನಿಮ್ಮ ಮಗಳಿಗೆ ಇಲ್ಲೂ ಈ ಸಾಲ ಇಲ್ಲ. ನಮ್ಮವರಿಗೆ ಇರುವುದು ಸ್ಕಾಲರ್‌ಶಿಪ್. ಚೀವ್ನಿಂಗ್ ಮತ್ತು ಕಾಮನ್‌ವೆಲ್ತ್, ಎರಡೂ ಬ್ರಿಟಿಷ್ ಸರ್ಕಾರದ ದುಡ್ಡು. ಸಿಕ್ಕಿದರೆ ಫೀಸು, ವಿಮಾನ, ಊಟ ವಸತಿ ಎಲ್ಲ ಬರುತ್ತದೆ. ಚೀವ್ನಿಂಗ್‌ಗೆ ಎರಡು ವರ್ಷದಷ್ಟು ಕೆಲಸದ ಅನುಭವ ಬೇಕು.

ನ್ಯೂಜೆರ್ಸಿಯಿಂದ ಸೋಮವಾರಪೇಟೆ

ಅಮೆರಿಕದ ಬಗ್ಗೆ ಚಿಕ್ಕದಾಗಿ. ಇಲ್ಲಿ ಸರ್ಕಾರದ ಸಹಾಯಕ್ಕೆ ಫಾಫ್ಸಾ ಅನ್ನುವ ಫಾರಂ. ಬಡ ಮಕ್ಕಳಿಗೆ ಪೆಲ್ ಗ್ರಾಂಟ್ ಅಂತ ವಾಪಸ್ ಕೊಡಬೇಕಿಲ್ಲದ ದುಡ್ಡು, ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ಉಳಿದದ್ದಕ್ಕೆ ಸರ್ಕಾರದ ಸಾಲ. ಎಫ್-1 ಅನ್ನುವ ಸ್ಟೂಡೆಂಟ್ ವೀಸಾದವರಿಗೆ ಎರಡೂ ಇಲ್ಲ.

ಸಾಲ ಪಡೆದ ಇಲ್ಲಿನವರ ಕಷ್ಟವೇ ದೊಡ್ಡದು. ನಾಲ್ಕು ಕೋಟಿಗೂ ಹೆಚ್ಚು ಜನ, ಒಟ್ಟು ಬಾಕಿ 1.6 ಲಕ್ಷ ಕೋಟಿ ಡಾಲರಿಗೂ ಮೇಲೆ. ದಿವಾಳಿ ಅಂತ ಕೋರ್ಟಿಗೆ ಹೋದರೂ ಈ ಸಾಲ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಬೈಡನ್ ಸರ್ಕಾರ ಒಂದಷ್ಟು ಮನ್ನಾ ಮಾಡಲು ಹೊರಟಿತ್ತು, 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಮಾಸ್ಟರ್ಸ್ ಮಾಡುವವರಿಗೆ ಇದ್ದ ಗ್ರ್ಯಾಡ್ ಪ್ಲಸ್ ಸಾಲ ಹೊಸಬರಿಗೆ 2026ರ ಜುಲೈಯಿಂದ ನಿಲ್ಲುತ್ತದೆ. ಇಲ್ಲಿಗೆ ಕಳಿಸುವುದಾದರೆ ಅಸಿಸ್ಟೆಂಟ್‌ಶಿಪ್ (ಪಾಠ, ಸಂಶೋಧನೆಗೆ ನೆರವಾಗುವ ಕೆಲಸ) ಸಿಕ್ಕಿದ ಮೇಲೆ ಮಾತ್ರ ಕಳಿಸಿ ಅಣ್ಣ. ಅದು ಯೂನಿವರ್ಸಿಟಿ ಕೊಡುವುದು, ಸರ್ಕಾರವಲ್ಲ.

ಗೋಟಿಂಗನ್ ಹುಡುಗ

ಅಂಕಲ್, ಫಾರೆಸ್ಟ್ರಿ ಅಂದ ಮೇಲೆ ಜರ್ಮನಿಯನ್ನು ಯಾಕೆ ನೋಡಬಾರದು? ಕಾಡಿನ ವಿಜ್ಞಾನ ಇಲ್ಲಿ ತುಂಬಾ ಹಳೆಯದು. ಡ್ರೆಸ್ಡನ್ ಹತ್ತಿರದ ಥಾರಾಂಟ್‌ನಲ್ಲಿ 1811ರಿಂದ ಕಲಿಸುತ್ತಿದ್ದಾರೆ. ನಾನಿರುವ ಗೋಟಿಂಗನ್‌ನಲ್ಲೂ ಅದಕ್ಕೇ ಒಂದು ವಿಭಾಗ ಇದೆ.

ಇಲ್ಲಿ ಹೆಚ್ಚಿನ ರಾಜ್ಯಗಳ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಫೀಸ್ ಇಲ್ಲ, ನಮಗೂ ಇಲ್ಲ. ಸೆಮಿಸ್ಟರ್‌ಗೆ ಒಂದು ಚಿಕ್ಕ ಮೊತ್ತ, ಅದರಲ್ಲಿ ಸಾಮಾನ್ಯವಾಗಿ ಬಸ್ಸು ರೈಲಿನ ಪಾಸೂ ಸೇರಿರುತ್ತದೆ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ 2017ರಿಂದ ಯೂರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಫ್ರೈಬುರ್ಗ್ ಆ ರಾಜ್ಯದಲ್ಲಿದೆ. ಮ್ಯೂನಿಕ್‌ನ ತಾಂತ್ರಿಕ ಯೂನಿವರ್ಸಿಟಿಯೂ ಈಗ ಫೀಸ್ ತೆಗೆದುಕೊಳ್ಳುತ್ತದೆ.

ಆದರೆ ಇಲ್ಲೂ ದುಡ್ಡು ಬೇಕು. ಬ್ಲಾಕ್ಡ್ ಅಕೌಂಟ್ ಅಂತ ಒಂದು ಖಾತೆ. ವೀಸಾಗೆ ಮೊದಲು ಅದರಲ್ಲಿ 11,904 ಯೂರೋ ಹಾಕಿ ತೋರಿಸಬೇಕು. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋ ನಮ್ಮ ಖಾತೆಗೆ ಬಿಡುತ್ತಾರೆ. ಪ್ರತಿ ತಿಂಗಳ ಮೊದಲ ವಾರ ಫೋನಿಗೆ ಮೆಸೇಜ್ ಬರುತ್ತದೆ, 992. ಅಪ್ಪ ಮೆಣಸು ಮಾರಿ ಕಳಿಸಿದ ದುಡ್ಡು ಅದು. ನಾನು ಆ ಮೆಸೇಜ್ ಅಳಿಸುವುದಿಲ್ಲ.

ಈ 992 ಎಲ್ಲಿಂದ ಬಂತು ಗೊತ್ತಾ? ಜರ್ಮನಿಯಲ್ಲಿ 1971ರಿಂದ ಬಾಫೋಗ್ ಅನ್ನುವ ಕಾನೂನಿದೆ. ಮನೆಯಲ್ಲಿ ಅನುಕೂಲ ಇಲ್ಲದ ಮಕ್ಕಳಿಗೆ ಓದುವಾಗ ಸರ್ಕಾರ ತಿಂಗಳಿಗೆ ಹೆಚ್ಚೆಂದರೆ ಇಷ್ಟು ಕೊಡುತ್ತದೆ, 992. ಅರ್ಧ ಉಚಿತ, ಅರ್ಧ ಬಡ್ಡಿ ಇಲ್ಲದ ಸಾಲ. ಎಷ್ಟೇ ಪಡೆದಿದ್ದರೂ ವಾಪಸ್ ಕೊಡುವುದು ಹೆಚ್ಚೆಂದರೆ 10,010 ಯೂರೋ. ಆ ಮೊತ್ತದ ಮೇಲೆಯೇ ನಮ್ಮ ಬ್ಲಾಕ್ಡ್ ಅಕೌಂಟಿನ ಲೆಕ್ಕ ಹಾಕುತ್ತಾರೆ. ಅವರ ಮಗುವಿಗೆ ಸರ್ಕಾರ ಕೊಡುವಷ್ಟನ್ನು ನಮ್ಮ ಮನೆಯವರು ತರಬೇಕು. ಸ್ಟೂಡೆಂಟ್ ವೀಸಾದವರಿಗೆ ಬಾಫೋಗ್ ಇಲ್ಲ.

ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಎರಡನೇ ವರ್ಷದ ಖರ್ಚನ್ನು ನಾನು ಹಾಗೆ ಹೊಂದಿಸಿದ್ದೇನೆ. ಆದರೆ ಚಳಿಗಾಲದಲ್ಲಿ ಪರೀಕ್ಷೆ ಇಟ್ಟುಕೊಂಡು ಗೋಡೌನಿನಲ್ಲಿ ರಾತ್ರಿ ಕೆಲಸ ಮಾಡುವುದು ಸುಲಭವಲ್ಲ. ನಿಮ್ಮ ಮಗಳಿಗೆ ಇದನ್ನು ಮೊದಲೇ ಹೇಳಿ. ಜರ್ಮನಿಯವರು ಕೊಡುವ ಡಿಎಎಡಿ ಸ್ಕಾಲರ್‌ಶಿಪ್ ಕೂಡ ನೋಡಲಿ. ಅದರಲ್ಲಿ ಕೆಲವಕ್ಕೆ ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ಮತ್ತೆ, ನಮ್ಮ ಮಾರ್ಕ್ಸ್‌ಕಾರ್ಡ್, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಇಲ್ಲದೆ ವೀಸಾ ಇಲ್ಲ. ಅದಕ್ಕೆ ವಾರಗಟ್ಟಲೆ ಬೇಕಾಗುತ್ತದೆ, ಈಗಲೇ ಶುರು ಮಾಡಿ.

ಕುಶಾಲನಗರ ಮೇಡಂ

ಎಲ್ಲರೂ ಹೊರದೇಶದ ಮಾತು ಆಡುತ್ತಿದ್ದೀರಿ, ಒಳ್ಳೆಯದೇ. ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಮುಂದೆ ಕೂರುವ ಮಕ್ಕಳಲ್ಲಿ ಅರ್ಧ ಜನ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವವರು. ಅವರಿಗೆ 20 ಲಕ್ಷ ಬೇಡ. 11,000 ರೂಪಾಯಿ ಇಲ್ಲದೆ ಓದು ನಿಲ್ಲುತ್ತದೆ.

ಹೋದ ವರ್ಷ ಒಬ್ಬ ಹುಡುಗಿ. ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಬಂದವಳು. ವಿದ್ಯಾರ್ಥಿವೇತನ ಮಂಜೂರಾಗಿದೆ ಅಂತ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ತೋರಿಸುತ್ತಿತ್ತು, ದುಡ್ಡು ಮಾತ್ರ ಬರಲಿಲ್ಲ. ನಾಲ್ಕು ತಿಂಗಳು ಕಾದಳು. ಕೊನೆಗೆ ನಾನೇ ಅವಳ ಜೊತೆ ಬ್ಯಾಂಕಿಗೆ ಹೋದೆ. ಖಾತೆಗೆ ಆಧಾರ್ ಕೊಟ್ಟಿದ್ದಳು, ಆದರೆ ಎನ್‌ಪಿಸಿಐ ಜೋಡಣೆ, ಅಂದರೆ ಸರ್ಕಾರದ ದುಡ್ಡು ಈ ಖಾತೆಗೇ ಬೀಳಬೇಕು ಅಂತ ದಾಖಲು ಮಾಡುವುದು, ಆಗಿರಲಿಲ್ಲ. ಎರಡೂ ಬೇರೆ ಬೇರೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ಫಾರಂ, ಒಂದು ಸಹಿ, ಐದು ನಿಮಿಷದ ಕೆಲಸ. ಆ ನಾಲ್ಕು ತಿಂಗಳು ಅವಳು ಶನಿವಾರ ಭಾನುವಾರ ಕಾಫಿ ಕುಯ್ಯಲು ಹೋಗುತ್ತಿದ್ದಳು. ಸೋಮವಾರ ಕ್ಲಾಸಿನಲ್ಲಿ ಪೆನ್ನು ಹಿಡಿದರೆ ಬೆರಳಿನ ತುದಿ ಕಪ್ಪಗೆ ಕಾಣುತ್ತಿತ್ತು.

ಇಲ್ಲಿ ಓದುವ ತಂದೆತಾಯಂದಿರು ನಿಮ್ಮ ತೋಟದಲ್ಲಿ ಕೆಲಸ ಮಾಡುವವರಿಗೂ ದಯವಿಟ್ಟು ತಿಳಿಸಿ. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮಕ್ಕಳಿಗೆ ಎಸ್‌ಎಸ್‌ಪಿಯಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ ಅದರ ಮೇಲಿನ ಆರ್‌ಡಿ ನಂಬರ್ ಇಟ್ಟುಕೊಳ್ಳಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ, ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು. ಸಿಇಟಿ, ನೀಟ್ ಮೂಲಕ ಎಂಜಿನಿಯರಿಂಗ್, ಮೆಡಿಕಲ್ ಸೀಟು ಸಿಕ್ಕಿದವರಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ನಿಗಮಗಳಲ್ಲಿ ಅರಿವು ಸಾಲ, ಬಡ್ಡಿ ಬರೀ ಶೇ. 2. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಬಂತು, ಆಗ ಪಿಯುಸಿ ಹುಡುಗಿಯರಿಗೆ 3,000, ಸ್ನಾತಕೋತ್ತರ ಓದುವ ಹುಡುಗಿಯರಿಗೆ 11,000 ಅಂತ ಇಟ್ಟಿದ್ದರು. ಕಾಫಿ ಬೋರ್ಡಿನಿಂದ ತೋಟದ ಕಾರ್ಮಿಕರ ಮಕ್ಕಳಿಗೂ ಓದಿನ ಸಹಾಯಧನ ಇದೆ.

ಬುಡಕಟ್ಟಿನ ಮಕ್ಕಳಿಗೆ ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಇದೆ, ಇಡೀ ದೇಶಕ್ಕೆ ವರ್ಷಕ್ಕೆ 20 ಸೀಟು. ನಮ್ಮ ಯರವ, ಜೇನುಕುರುಬ ಮಕ್ಕಳಲ್ಲಿ ಒಬ್ಬರಾದರೂ ಆ ಅರ್ಜಿ ತುಂಬುವ ದಿನಕ್ಕೆ ನಾನು ಕಾಯುತ್ತಿದ್ದೇನೆ.

ಹಟ್ಟಿಹೊಳೆ

ಮೇಡಂ, ಆ ಹುಡುಗಿ ಈಗ ಓದುತ್ತಿದ್ದಾಳಾ?

ಕುಶಾಲನಗರ ಮೇಡಂ

ಹೂಂ. ಕೊನೆಯ ವರ್ಷ. ಬಿಎಡ್ ಮಾಡುತ್ತೇನೆ ಅಂತಿದ್ದಾಳೆ.

ಶನಿವಾರಸಂತೆ ಶುಂಠಿ

ನನ್ನದೊಂದು ಬೇರೆ ಮಾತು, ಯಾರಿಗೂ ಬೇಜಾರಾಗಬಾರದು. ಬಡ್ಡಿ ಬಿಡಿ, ಕಂತು ಬಿಡಿ, ಮನ್ನಾ ಮಾಡಿ ಅಂದರೆ ಆ ದುಡ್ಡು ಎಲ್ಲಿಂದ ಬರುತ್ತದೆ? ನಾನು ಶುಂಠಿ ಬೆಳೆದು ಎರಡು ವರ್ಷ ಕೈ ಸುಟ್ಟುಕೊಂಡೆ, ಆದರೂ ಸೊಸೈಟಿ ಸಾಲ ಕಟ್ಟಿದೆ. ಓದಿ ಹೊರದೇಶಕ್ಕೆ ಹೋದವರ ಸಾಲವನ್ನು ಊರಲ್ಲಿ ಉಳಿದವರು ಹೊರಬೇಕಾ?

ಮೆಲ್ಬರ್ನ್‌ನಿಂದ ಮಡಿಕೇರಿ

ನ್ಯಾಯವಾದ ಪ್ರಶ್ನೆ. ಇದಕ್ಕೆ ಪಕ್ಕದ ನ್ಯೂಜಿಲೆಂಡ್‌ನವರು ಒಂದು ದಾರಿ ಮಾಡಿಕೊಂಡಿದ್ದಾರೆ. ಅಲ್ಲಿ 2006ರಿಂದ ದೇಶದಲ್ಲೇ ಇರುವವರಿಗೆ ಶಿಕ್ಷಣ ಸಾಲದ ಮೇಲೆ ಬಡ್ಡಿ ಇಲ್ಲ. ಹೊರಗೆ ಹೋಗಿ ನೆಲೆಸಿದವರಿಗೆ ಬಡ್ಡಿ ಹಾಕುತ್ತಾರೆ. ಕೆನಡಾದ ಕೇಂದ್ರ ಸರ್ಕಾರವೂ 2023ರ ಏಪ್ರಿಲ್‌ನಿಂದ ತನ್ನ ಸಾಲದ ಬಡ್ಡಿ ತೆಗೆದುಹಾಕಿತು. ಇಲ್ಲಿ ಆಸ್ಟ್ರೇಲಿಯಾದಲ್ಲಿ ಹೊರದೇಶದಲ್ಲಿ ದುಡಿಯುವವರೂ ಆದಾಯ ತೋರಿಸಿ ಕಟ್ಟಬೇಕು.

ಗೋಣಿಕೊಪ್ಪ ಹಳೇ ಬ್ಯಾಂಕು

ಶುಂಠಿ ಅಣ್ಣ ಹೇಳಿದ್ದರಲ್ಲಿ ಹುರುಳಿದೆ. ಇನ್ನೊಂದು ತೊಡಕನ್ನೂ ನಾವು ನೋಡಬೇಕು. ಲೀಡ್ಸ್‌ನವರು ಹೇಳಿದ ಹಾಗೆ ಸಂಬಳದ ಚೀಟಿಯಲ್ಲಿ 38 ಪೌಂಡ್ ಹಿಡಿಯಬೇಕಾದರೆ, ಎಲ್ಲರಿಗೂ ಸಂಬಳದ ಚೀಟಿ ಇರಬೇಕು. ನಮ್ಮಲ್ಲಿ ಎಷ್ಟು ಜನಕ್ಕೆ ಇದೆ? ಅಂಗಡಿ, ತೋಟ, ಹೋಂಸ್ಟೇ, ಡ್ರೈವಿಂಗ್. ಯಾರ ಆದಾಯ ಎಷ್ಟು ಅಂತ ಸರ್ಕಾರಕ್ಕೆ ಗೊತ್ತಿಲ್ಲದ ಕಡೆ, ಆದಾಯ ನೋಡಿ ಕಂತು ಹಾಕುವುದು ಕಷ್ಟ.

ಆದರೆ ಪಿಎಫ್ ಇರುವವರು, ತೆರಿಗೆ ಕಟ್ಟುವವರು ಇದ್ದಾರಲ್ಲ? ಅವರಿಂದಲಾದರೂ ಶುರು ಮಾಡಬಹುದು. ನಾನು ಸೇವೆಯಲ್ಲಿದ್ದಾಗ ಮೀಟಿಂಗಿನಲ್ಲಿ ಎರಡು ಸಲ ಹೇಳಿದ್ದೆ. ಶಿಕ್ಷಣ ಸಾಲ ಕೆಟ್ಟುಹೋಗುವುದು ಮಕ್ಕಳು ಮೋಸಗಾರರು ಅಂತ ಅಲ್ಲ. ಮೊದಲ ಕೆಲಸದ ಸಂಬಳ ಕಂತಿಗಿಂತ ಚಿಕ್ಕದಾಗಿರುತ್ತದೆ. ಮೊದಲ ಮೂರು ವರ್ಷ ಕಂತು ಚಿಕ್ಕದಿದ್ದು ಆಮೇಲೆ ಬೆಳೆದರೆ, ನಾನು ನೋಡಿದ ಕೆಟ್ಟ ಸಾಲಗಳಲ್ಲಿ ಬಹಳಷ್ಟು ಕೆಡುತ್ತಿರಲಿಲ್ಲ. ಹಟ್ಟಿಹೊಳೆಯ ಹುಡುಗಿಯೇ ಸಾಕ್ಷಿ. ಕೆಲಸ ಸಿಕ್ಕಿದ ಮೇಲೆ ಕಟ್ಟಿದರಲ್ಲ?

ಹಟ್ಟಿಹೊಳೆ

ಕಟ್ಟಿದೆ ಸರ್. 2024ರ ಮಾರ್ಚ್‌ನಲ್ಲಿ ಕೊನೆಯ ಕಂತು. ಸಾಲ ತೀರಿದೆ ಅಂತ ಬ್ಯಾಂಕಿನವರು ಕೊಟ್ಟ ಕಾಗದ ಅಪ್ಪ ದೇವರ ಮನೆಯಲ್ಲಿ ಇಟ್ಟಿದ್ದಾರೆ.

ನೆಲ್ಯಹುದಿಕೇರಿ ತೋಟ

ನಾಲ್ಕು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಮೋಡ ಆಗಿತ್ತು, ಕಣದಲ್ಲಿ ಕಾಫಿ ಹರಡುವುದು, ಮುಚ್ಚುವುದು, ಇದೇ ಆಯಿತು. ಆದರೆ ದಿನಾ ರಾತ್ರಿ ನಿಮ್ಮ ಮಾತನ್ನೆಲ್ಲ ಮಗಳು ಓದಿ ಹೇಳುತ್ತಿದ್ದಳು. ಹಟ್ಟಿಹೊಳೆಯ ಅಪ್ಪನ ಸ್ವೆಟರಿನ ಭಾಗ ಬಂದಾಗ ನನ್ನ ಹೆಂಡತಿ ಎದ್ದು ಒಳಗೆ ಹೋದಳು.

ಏಜೆಂಟ್‌ಗೆ ಫೋನ್ ಮಾಡಿದೆ. ಸರ್ಕಾರಿ ಸಾಲ ನನ್ನ ಮಗಳಿಗೆ ಸಿಗುತ್ತದೆ ಅಂತ ಒಂದು ಕಾಗದದಲ್ಲಿ ಬರೆದುಕೊಡಿ ಅಂದೆ. "ಅದು ಪಿಆರ್ ಆದ ಮೇಲೆ ಅಂಕಲ್" ಅಂದರು. ಮೆಲ್ಬರ್ನ್ ಹುಡುಗಿ ಪಿಆರ್‌ಗೂ ಇಲ್ಲ ಅಂದಿದ್ದಾಳೆ ಅಂತ ಹೇಳಿದೆ. ಆಮೇಲೆ ಅವರು ಫೋನ್ ಎತ್ತಲಿಲ್ಲ. ದುಡ್ಡು ಕೊಟ್ಟಿರಲಿಲ್ಲ, ಅದೇ ಸಮಾಧಾನ.

ಮಗಳು ಎರಡು ಕಡೆ ಹಾಕುತ್ತಿದ್ದಾಳೆ. ಒಂದು ಜರ್ಮನಿ, ಗೋಟಿಂಗನ್ ಮತ್ತು ಡ್ರೆಸ್ಡನ್. ಎಪಿಎಸ್ ಫಾರಂ ನಿನ್ನೆ ತುಂಬಿದಳು. ಇನ್ನೊಂದು ಇಲ್ಲೇ, ವಿದ್ಯಾಲಕ್ಷ್ಮಿ ಪಟ್ಟಿ ನೋಡಿ ಆರಿಸಿದ ಕಡೆ. ಜರ್ಮನಿ ಸಿಕ್ಕಿದರೆ ಬ್ಲಾಕ್ಡ್ ಅಕೌಂಟಿಗೆ 12 ಲಕ್ಷಕ್ಕೂ ಜಾಸ್ತಿ ಬೇಕು. ಎರಡು ವರ್ಷದಿಂದ ರೊಬಸ್ಟಾಗೆ ಒಳ್ಳೆ ರೇಟು ಸಿಕ್ಕಿದ್ದರಿಂದ 5 ಲಕ್ಷ ಇದೆ. ಉಳಿದ ಏಳೂವರೆ ಒಳಗೆ ಸಾಲ. ಹಾಗಾದರೆ ಎರಡು ಎಕರೆ ಮುಟ್ಟಬೇಕಾಗಿಲ್ಲ ಅಲ್ವಾ ಸರ್?

ಇನ್ನೊಂದು. ಮೇಡಂ ಬರೆದದ್ದನ್ನು ಓದಿದ ಮೇಲೆ ನಮ್ಮ ಲೈನ್ ಮನೆಯ ಹುಡುಗನನ್ನು ಕರೆದು ಕೇಳಿದೆ. ಐಟಿಐ ಎರಡನೇ ವರ್ಷ. ಅವನದೂ ದುಡ್ಡು ಬಂದಿಲ್ಲವಂತೆ. ಸೋಮವಾರ ಕುಯ್ಲಿಗೆ ರಜೆ ಕೊಟ್ಟು ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇನೆ. ಎನ್‌ಪಿಸಿಐ ಅಂತ ಕೇಳಬೇಕು, ಆಧಾರ್ ಪ್ರತಿ ಮತ್ತು ಪಾಸ್‌ಬುಕ್ ತೆಗೆದುಕೊಂಡು ಹೋದರೆ ಸಾಕಾ ಮೇಡಂ?

ಗೋಣಿಕೊಪ್ಪ ಹಳೇ ಬ್ಯಾಂಕು

ಏಳೂವರೆ ಒಳಗಿದ್ದರೆ ತೋಟ ಅಡವಿಡುವ ಮಾತಿಲ್ಲ. ನಿಮ್ಮನ್ನು ಜೊತೆ ಸಾಲಗಾರ ಅಂತ ಹಾಕುತ್ತಾರೆ, ಇನ್ನೊಬ್ಬರ ಗ್ಯಾರಂಟಿ ಕೇಳಬಹುದು. ಶಾಖೆಯವರು ಬೇರೆ ಹೇಳಿದರೆ ಯಾವ ನಿಯಮ ಅಂತ ಬರೆದು ಕೇಳಿ. ಮಂಜೂರಾತಿ ಪತ್ರ ಬಂದಾಗ ಸಹಿ ಹಾಕುವ ಮೊದಲು ಇಲ್ಲಿ ಹಾಕಿ, ಹೆಸರು ಮತ್ತು ಖಾತೆ ನಂಬರ್ ಮುಚ್ಚಿ. ನಾನು ಓದಿ ಹೇಳುತ್ತೇನೆ.

ಕುಶಾಲನಗರ ಮೇಡಂ

ಎರಡೂ ಸಾಕು. ಅವನ ಆಧಾರಿಗೆ ಯಾವ ಮೊಬೈಲ್ ನಂಬರ್ ಕೊಟ್ಟಿದ್ದಾನೋ ಆ ಫೋನನ್ನೂ ಜೊತೆಗೆ ತರಲಿ. ಹತ್ತೂವರೆಗೆ ಹೋಗಿ, ಸೋಮವಾರ ರಶ್ ಇರುತ್ತದೆ.